ಒಂಬತ್ತನೇ ಬೋಗಿ

ರೇಡಿಯೋ ಸಾಬರಿಗೆ ಮಣ್ಣು ಕೊಟ್ಟು ಬಂದ ಮೇಲೆ ಅವರ ಮನೆಯ ಪಡಸಾಲೆಯಲ್ಲಿ ಕೂತವರೆಲ್ಲ ಅವರ ಕೈಗುಣದ ಬಗ್ಗೆಯೇ ಮಾತಾಡುತ್ತಿದ್ದರು. ಕೊಟ್ಟೂರಿನಲ್ಲಿ ಅಂಥ ಮೆಕ್ಯಾನಿಕ್ ಇನ್ನು ಸಿಗುವುದಿಲ್ಲ ಎಂದರು ಒಬ್ಬರು. ಅವರು ಮುಟ್ಟಿಕೊಟ್ಟ ರೇಡಿಯೋ ಇವತ್ತಿಗೂ ಹಾಡುತ್ತಿದೆ ಎಂದರು ಇನ್ನೊಬ್ಬರು. ನನಗೆ ಮೈಯೆಲ್ಲ ಉರಿಯಿತು. ಆ ಕೈ ಆರು ವರ್ಷ ಮಂಡಕ್ಕಿ ಅಳೆಯುತ್ತಾ ಕೂತಿತ್ತಲ್ಲ, ಆಗ ಈ ಬಾಯಿಗಳೆಲ್ಲ ಎಲ್ಲಿದ್ದವು? ಇವರೆಲ್ಲ ಅದೇ ಕೈಯಿಂದ ಮಂಡಕ್ಕಿ ಕಟ್ಟಿಸಿಕೊಂಡು ಹೋದವರೇ. ಒಬ್ಬರಾದರೂ, ಯಾಕೆ ಸಾಬರೆ, ಬೆಂಚು ಯಾಕೆ ಬಿಟ್ಟಿರಿ ಎಂದು ಕೇಳಿದ್ದರೆ?

ಹೀಗೆ ಕೇಳುವ ಯೋಗ್ಯತೆ ನನಗಂತೂ ಇಲ್ಲ. ಆ ಕೈ ಕಟ್ಟಿಹಾಕಿದವನೇ ನಾನು. ನಾನು, ಮತ್ತು ಯಾವುದೋ ದೂರದ ದೇಶದಲ್ಲಿ ಕೂತು ಒಂದು ವಿಡಿಯೋ ಗೇಮನ್ನು ಅರ್ಧಂಬರ್ಧ ಮಾಡಿ ಡಬ್ಬಕ್ಕೆ ತುಂಬಿ ಮಾರಿದ ಕೆಲವು ಜನ. ಅವರ ಹೆಸರು ನನಗೆ ಗೊತ್ತಿಲ್ಲ. ಅವರಿಗೂ ಕೊಟ್ಟೂರು ಎಂಬ ಊರೊಂದಿದೆ ಎಂದು ಗೊತ್ತಿರಲಾರದು. ಆದರೂ ಹದಿನೈದು ದಿನಕ್ಕೊಮ್ಮೆಯಾದರೂ ಅವರನ್ನು ಮನಸ್ಸಿನಲ್ಲೇ ಎದುರಿಗೆ ನಿಲ್ಲಿಸಿಕೊಂಡು ಬೈಯುತ್ತೇನೆ.

ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಊರಿಗೆ ಅವರು ರೇಡಿಯೋ ಸಾಬರು. ಬಸ್ ಸ್ಟ್ಯಾಂಡಿನ ಹಿಂದಿನ ನಮ್ಮ ಅಂಗಡಿಯಲ್ಲಿ ಮುಂದಿನ ಅರ್ಧ ನಮ್ಮ ಅಪ್ಪನದು, ಹಿಂದಿನ ಅರ್ಧ ಅವರ ಬೆಂಚು. ಅಪ್ಪ ತೀರಿಕೊಂಡು ಮುಂದಿನ ಅರ್ಧ ನನ್ನ ಕೈಗೆ ಬಂದಾಗಲೂ ಆ ಬೆಂಚು ಅಲ್ಲೇ ಇತ್ತು. ಕುಳ್ಳಗಿನ ಮನುಷ್ಯ. ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಎರಡು ಕನ್ನಡಕ, ದೂರಕ್ಕೊಂದು ಹತ್ತಿರಕ್ಕೊಂದು. ಎರಡನ್ನೂ ಒಟ್ಟಿಗೆ ಹಾಕಿಕೊಂಡು ಕೂತರೆಂದರೆ ಒಳಗೆ ಏನೋ ಸಣ್ಣ ತಂತಿ ತುಂಡಾಗಿದೆ ಎಂದು ತಿಳಿಯಬೇಕು, ಆಗ ಮಾತಾಡಿಸಬಾರದು.

ಅವರು ಯಾವುದನ್ನೇ ಆಗಲಿ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ, ಬೆರಳ ಹಿಂಬದಿಯಿಂದ ಮುಟ್ಟುತ್ತಿದ್ದರು. ಕರೆಂಟಿನ ಕೆಲಸದವರ ಪದ್ಧತಿ ಅದು. ಅಂಗೈಯಿಂದ ಮುಟ್ಟಿದಾಗ ಕರೆಂಟು ಹೊಡೆದರೆ ಮುಷ್ಟಿ ಬಿಗಿದು ವಸ್ತು ಕೈಗೇ ಅಂಟಿಕೊಳ್ಳುತ್ತದೆ, ಬೆರಳ ಹಿಂಬದಿಯಾದರೆ ಕೈ ತಾನೇ ಹಿಂದಕ್ಕೆ ಚಿಮ್ಮುತ್ತದೆ. ಆದರೆ ಚಾಚಾ ಚಹಾದ ಗ್ಲಾಸನ್ನೂ ಹಾಗೇ ಮುಟ್ಟುತ್ತಿದ್ದರು, ಜ್ವರ ಬಂದ ಮಗಳ ಹಣೆಯನ್ನೂ, ಸಂತೆಯಲ್ಲಿ ಬದನೆಕಾಯಿಯನ್ನೂ. ನಾನು ನಕ್ಕರೆ, "ನಗು ನಗು. ಯಾವುದರಾಗ ಕರೆಂಟ್ ಐತಿ, ಯಾವುದರಾಗ ಇಲ್ಲ ಅಂತ ಹೊರಗ ಬರೆದಿರತೈತೇನು?" ಅನ್ನುತ್ತಿದ್ದರು.

ಬೆಂಚಿನ ಮೇಲಿನ ಗೋಡೆಗೆ ಆರು ಮೊಳೆ, ಆರು ಮೊಳೆಗೆ ಆರು ಪಾಟಿ. ಮಕ್ಕಳು ಶಾಲೆಗೆ ಒಯ್ಯುವ ಕಲ್ಲಿನ ಪಾಟಿಯೇ. ರಿಪೇರಿ ಮುಗಿದ ಮಾಲನ್ನು ಅವರು ಆ ಕೂಡಲೇ ಕೊಡುತ್ತಿರಲಿಲ್ಲ. ಇಪ್ಪತ್ನಾಲ್ಕು ತಾಸು ಹಚ್ಚಿಟ್ಟು ನೋಡಬೇಕು. ತಾಸಿಗೊಂದು ಗೀಟು ಬಳಪದಲ್ಲಿ ಎಳೆಯಬೇಕು. ನಮ್ಮ ಕಡೆಯ ಕರೆಂಟಿನ ಹಣೆಬರಹ ಗೊತ್ತಲ್ಲ. ಹೋದರೆ ಗೀಟು ನಿಲ್ಲುತ್ತಿತ್ತು, ಬಂದರೆ ಮುಂದುವರಿಯುತ್ತಿತ್ತು. ಹೀಗಾಗಿ ಇಪ್ಪತ್ನಾಲ್ಕು ಗೀಟು ತುಂಬಲು ಒಮ್ಮೊಮ್ಮೆ ಮೂರು ದಿನ ಹಿಡಿಯುತ್ತಿತ್ತು.

ಕೂಡ್ಲಿಗಿಯ ಕಾಂಟ್ರಾಕ್ಟರ್ ಒಬ್ಬ ತನ್ನ ಟಿ.ವಿ. ಒಯ್ಯಲು ಜೀಪು ತಂದು ನಿಲ್ಲಿಸಿದ. ಅವತ್ತು ಮಧ್ಯಾಹ್ನ ದೊಡ್ಡ ಕ್ರಿಕೆಟ್ ಮ್ಯಾಚು. ಪಾಟಿಯ ಮೇಲೆ ಹತ್ತೊಂಬತ್ತು ಗೀಟು.

"ಇನ್ನ ಐದು ಬಾಕಿ ಅದಾವ್ರಿ," ಎಂದರು ಚಾಚಾ.

"ಏ ಸಾಬ್ರ, ಟಿ.ವಿ. ನಂದು. ಕೆಟ್ರ ನಂದು ಕೆಡತೈತಿ, ಕೊಡ್ರಿ ನೀವು."

"ಟಿ.ವಿ. ನಿಮ್ಮದ. ಕೈ ನಂದು. ಟೆಸ್ಟ್ ಮುಗೀಲಾರದ ಕೊಡಂಗಿಲ್ಲ. ಮ್ಯಾಚ್ ಇಲ್ಲೇ ನೋಡ್ರಿ, ಕುಂದರ್ರಿ."

ಆ ಮನುಷ್ಯ ಬೈದ, ಜೀಪಿನ ತನಕ ಹೋಗಿ ತಿರುಗಿ ಬಂದ, ಕೊನೆಗೆ ನಮ್ಮ ಅಂಗಡಿಯ ಹಲಗೆಯ ಮೇಲೆ ಕೂತು, ಮಿರ್ಚಿ ತರಿಸಿಕೊಂಡು, ಪೂರ್ತಿ ಮ್ಯಾಚು ಅಲ್ಲೇ ನೋಡಿದ. ಹೋಗುವಾಗ ಚಾಚಾಗೆ ಕೈ ಮುಗಿದು ಹೋದ.

ಅವರ ಇನ್ನೊಂದು ಗುಣ ಹೇಳಬೇಕು. ಎಲ್ಲ ಹಾಳಾದದ್ದು ಆ ಗುಣದಿಂದಲೇ. ಉಜ್ಜಿನಿಯ ಶಾಲೆಯ ಟೀಚರಮ್ಮನ ರೇಡಿಯೋ ಮೂರು ಸಲ ರಿಪೇರಿಯಾಗಿ ಮೂರು ಸಲವೂ ವಾಪಸು ಬಂದಿತ್ತಂತೆ. ಇದು ನಾನು ಚಿಕ್ಕವನಿದ್ದಾಗಿನ ಮಾತು. ಚಾಚಾ ಮೂರು ಸಲವೂ ಪಾರ್ಟು ಬದಲಿಸಿ, ಪಾರ್ಟು ಮಾಡಿದ ಕಂಪನಿಯನ್ನು ಬಾಯಿಗೆ ಬಂದಂತೆ ಬೈದಿದ್ದರು. ನಾಲ್ಕನೇ ಸಲ ಎರಡೂ ಕನ್ನಡಕ ಹಾಕಿಕೊಂಡು ನೋಡಿದರೆ, ತಪ್ಪು ಪಾರ್ಟಿನದಲ್ಲ. ಅವರೇ ಹಾಕಿದ ಒಂದು ಬೆಸುಗೆ ಸರಿಯಾಗಿ ಹಿಡಿದಿರಲಿಲ್ಲ. ರೇಡಿಯೋ ಸರಿಮಾಡಿ, ಇಪ್ಪತ್ನಾಲ್ಕು ಗೀಟು ತುಂಬಿಸಿ, ಬಸ್ಸು ಹತ್ತಿ ತಾವೇ ಉಜ್ಜಿನಿಗೆ ಒಯ್ದು, ತರಗತಿಯ ಬಾಗಿಲಲ್ಲಿ ನಿಂತು, "ತಪ್ಪು ನಂದಿತ್ರಿ ಅಮ್ಮಾರ," ಎಂದು ಮಕ್ಕಳೆದುರೇ ಹೇಳಿ ಬಂದರು. ಅವತ್ತಿನಿಂದ ಅವರದು ಒಂದೇ ಪಾಠ: ಮಾಲು ಬೈಯುವ ಮೊದಲು ನಿನ್ನ ಕೈ ನೋಡಿಕೋ. ಎದುರಿಗೆ ಏನೇ ಕೆಟ್ಟರೂ ಅವರು ಮೊದಲು ತಮ್ಮನ್ನೇ ಅನುಮಾನಿಸುತ್ತಿದ್ದರು.

ಇಸವಿ ಎರಡು ಸಾವಿರ ದಾಟಿದ ಹೊಸತರಲ್ಲಿ ನಾನು ಹುಬ್ಬಳ್ಳಿಯಿಂದ ನಾಲ್ಕು ಹಳೆಯ ಕಂಪ್ಯೂಟರ್ ತಂದು ಮುಂದಿನ ಅರ್ಧದಲ್ಲಿ ವಿಡಿಯೋ ಗೇಮಿನ ಅಂಗಡಿ ಹಾಕಿದೆ. ಕಂಪ್ಯೂಟರಿನ ಒಳಗೇನಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಚಾಚಾಗೂ ಗೊತ್ತಿರಲಿಲ್ಲ. ನಾನು ಹೆದರಿ ದೂರ ನಿಂತೆ. ಅವರು ಐವತ್ತೈದು ದಾಟಿದವರು, ಬೆರಳ ಹಿಂಬದಿಯಿಂದ ಡಬ್ಬವನ್ನು ಮುಟ್ಟಿ ನೋಡಿ, ಮುಚ್ಚಳ ಬಿಚ್ಚಿ, ಒಂದು ವಾರ ಒಳಗೇ ಕಣ್ಣಿಟ್ಟು ಕೂತರು. "ಇದೂ ಒಂದು ರೇಡಿಯೋನ ಐತಿ ಬೇಟಾ. ಸ್ವಲ್ಪ ಶ್ಯಾಣ್ಯಾ ರೇಡಿಯೋ," ಎಂದರು. ಆಮೇಲೆ ಆ ನಾಲ್ಕು ಮಿಷನ್ನುಗಳಿಗೂ ಅವರೇ ತಾಯಿ ತಂದೆ. ಹೊಸ ಗೇಮು ತಂದರೆ ಅದಕ್ಕೂ ಪಾಟಿ. ಮೊದಲಿಂದ ಕೊನೆಯ ತನಕ ತಾವು ಆಡಿ ಮುಗಿಸದೆ ಹುಡುಗರ ಕೈಗೆ ಬಿಡುತ್ತಿರಲಿಲ್ಲ. ಗಡ್ಡದ ಮುದುಕರು ಎರಡು ಕನ್ನಡಕ ಹಾಕಿಕೊಂಡು ಕೀಲಿಮಣೆ ಒತ್ತುತ್ತಾ ಕಾರು ಓಡಿಸುವುದನ್ನು ನೋಡಲೆಂದೇ ಜನ ಬಂದು ನಿಲ್ಲುತ್ತಿದ್ದರು.

ಆ ವರ್ಷ ನಮ್ಮೂರ ಟಾಕೀಸಿಗೆ ಒಂದು ಇಂಗ್ಲಿಷ್ ಪಿಕ್ಚರು ತೆಲುಗಿಗೆ ಡಬ್ ಆಗಿ ಬಂತು. ಸಿಡಿಲು ಬಡಿದು ಮೈತುಂಬ ಕರೆಂಟು ತುಂಬಿಕೊಂಡ ಒಬ್ಬ ನಾಯಕ. ಹುಡುಗರು ಅವನಿಗೆ ಸಿಡ್ಲಣ್ಣ ಎಂದು ಹೆಸರಿಟ್ಟರು. ಕೊನೆಯಲ್ಲಿ ಸೇತುವೆ ಮುರಿದು ರೈಲು ಜೋತು ಬೀಳುತ್ತದೆ. ಅವನು ಒಂಬತ್ತು ಬೋಗಿಗಳನ್ನೂ ಒಂದೊಂದಾಗಿ ಹಿಡಿದೆತ್ತಿ ಹಳಿಯ ಮೇಲಿಡುತ್ತಾನೆ. ನಮ್ಮೂರ ಸ್ಟೇಷನ್ನಿಗೆ ಪ್ಯಾಸೆಂಜರ್ ರೈಲು ಬರುವುದು ನಿಂತಿದ್ದ ಕಾಲ ಅದು. ಎಷ್ಟೋ ಹುಡುಗರು ರೈಲು ನೋಡಿದ್ದೇ ಆ ಪರದೆಯ ಮೇಲೆ. ಚಾಚಾನನ್ನೂ ಕರೆದುಕೊಂಡು ಹೋದೆ. "ಇವನಿಗಿ ಅರ್ಥಿಂಗ್ ಎಲ್ಲೈತಿ? ಇವ ಹಿಡಕೊಂಡ್ರ ಒಳಗಿದ್ದೋರೆಲ್ಲ ಸುಟ್ಟು ಹೊಕ್ಕಾರ," ಎಂದು ಇಡೀ ಪಿಕ್ಚರು ಗೊಣಗಿದರು. ಒಂಬತ್ತನೇ ಬೋಗಿಯ ಹೊತ್ತಿಗೆ ಮಾತ್ರ ಕುರ್ಚಿಯಿಂದ ಎದ್ದು ನಿಂತಿದ್ದರು. ಹಿಂದಿನವರು ಕೂರಲು ಹೇಳಿದ್ದೂ ಅವರಿಗೆ ಕೇಳಿಸಲಿಲ್ಲ.

ಆ ಪಿಕ್ಚರಿನದೇ ಗೇಮು ಬಂದಿದೆ ಎಂದು ಗೊತ್ತಾದ ದಿನವೇ ಹುಬ್ಬಳ್ಳಿಗೆ ಹೋಗಿ ತಂದೆ. ಕಾಪಿ ಮಾಡಿದ್ದಲ್ಲ, ಒರಿಜಿನಲ್. ಹೊಳೆಯುವ ಡಬ್ಬ, ಮೇಲೆ ಸಿಡ್ಲಣ್ಣ, ಹಿಂದೆ ಒಂಬತ್ತು ಬೋಗಿಯ ರೈಲು.

ಎಂಥ ಗೇಮು ಅದು! ಪಿಕ್ಚರಿನಲ್ಲಿ ಮಿಂಚಿನಂತೆ ಹಾರುವವನು ಇಲ್ಲಿ ಕಾಲಿಗೆ ಮುಳ್ಳು ಚುಚ್ಚಿಕೊಂಡವನಂತೆ ನಡೆಯುತ್ತಿದ್ದ. ಹಾರಿದರೆ ಎರಡು ಮನೆ ದಾಟುವುದರೊಳಗೆ ಕಣ್ಣಿಗೆ ಕಾಣದ ಗೋಡೆಗೆ ತಲೆ ಬಡಿಯುತ್ತಿತ್ತು. ಇಡೀ ಪಟ್ಟಣದ ಜನಕ್ಕೆಲ್ಲ ಸೇರಿ ಇದ್ದದ್ದು ಎರಡೇ ಮುಖ. ರೈಲಿನೊಳಗಿನ ಜನಕ್ಕೆ ಅದೂ ಇಲ್ಲ, ಮುಖವಿರುವ ಜಾಗದಲ್ಲಿ ಬೂದು ಬಣ್ಣ ಬಳಿದಿದ್ದರು. ಪಿಕ್ಚರಿನ ಹೆಸರು ಮೆತ್ತಿ ಮಾರಿದ ಬೂಸಾ ಅದು. ಇದೆಲ್ಲ ಈಗ ಹೇಳುತ್ತಿದ್ದೇನೆ. ಆಗ ನನಗೆ ಕಾಣಲಿಲ್ಲ, ಕಂಡರೂ ಒಪ್ಪುವ ಮನಸ್ಸಿರಲಿಲ್ಲ. ಡಬ್ಬದ ಮೇಲಿನ ಚಿತ್ರಕ್ಕೇ ನಾನು ಮರುಳಾಗಿದ್ದೆ.

ಬೇಸಿಗೆ ರಜೆ ಶುರುವಾಗಿತ್ತು. ಆಟೋಗೆ ಮೈಕು ಕಟ್ಟಿಸಿ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯಲ್ಲೆಲ್ಲ ಕೂಗಿಸಲು ಹೊರಟೆ. ಬರುವ ಭಾನುವಾರ ಸಿಡ್ಲಣ್ಣನ ಪಂದ್ಯ, ಒಂಬತ್ತು ಬೋಗಿ ಉಳಿಸಿದವರಿಗೆ ಕ್ರಿಕೆಟ್ ಬ್ಯಾಟು. ಚಾಚಾ ಬೆಂಚಿನಿಂದ ಎದ್ದು ಬಂದು ಆಟೋದ ಕಂಬಿ ಹಿಡಿದುಕೊಂಡರು.

"ತಮ್ಮಾ, ತಡಿ. ಟೆಸ್ಟ್ ಮುಗಿದಿಲ್ಲ. ಎಂಟು ಬೋಗಿ ಬರ್ತಾವ. ಒಂಬತ್ತನೇದಕ್ಕ ಕೈ ಹಾಕಿದ ಕೂಡ್ಲೇ ಅವನ ಕೈ ಬೋಗಿಯೊಳಗಿಂದ ಪಾರಾಗಿ ಹೊಕ್ಕೈತಿ. ಮಿಷನ್ ಗಪ್ ಅಂತ ನಿಂದರತೈತಿ."

"ಭಾನುವಾರದೊಳಗ ಸರಿ ಮಾಡ್ರಿ ಚಾಚಾ. ಇನ್ನೂ ಆರು ದಿನ ಅದಾವ."

"ನಾಲ್ಕೂ ಮಿಷನ್ನಿನ್ಯಾಗ ಅಲ್ಲೇ ನಿಂದರತೈತಿ." ಅವರು ತಡವರಿಸಿದರು. "ಆ ಗೇಮಿನ ಸಿ.ಡಿ.ಯೊಳಗ ಏನರ ದೋಷ ಇದ್ದೀತಾ?"

ಒಂದೇ ಒಂದು ಸಲ, ಜೀವಮಾನದ ಪಾಠ ಬದಿಗಿಟ್ಟು, ಅವರು ಮಾಲನ್ನು ಅನುಮಾನಿಸಿದ್ದರು. ಅದೇ ಸರಿಯಾಗಿತ್ತು. ನಾನು ನಕ್ಕುಬಿಟ್ಟೆ. "ಒರಿಜಿನಲ್ ಐತಿ ಚಾಚಾ. ಅಷ್ಟು ದೊಡ್ಡ ಕಂಪನಿಯವರು ತಪ್ಪು ಮಾಡ್ತಾರೇನು? ನಿಮ್ಮ ಕೈ ನೋಡ್ಕೊಳ್ರಿ ಮದ್ಲು," ಎಂದೆ. ಅವರ ಪಾಠವನ್ನು ಅವರಿಗೇ ಒಪ್ಪಿಸಿ ಆಟೋ ಹತ್ತಿದೆ.

ಆ ಆರು ದಿನ ಆ ಮನುಷ್ಯ ಪಟ್ಟ ಪಾಡು ನೆನೆದರೆ ಇವತ್ತಿಗೂ ನನ್ನನ್ನು ನಾನೇ ಒದೆಯಬೇಕು ಅನ್ನಿಸುತ್ತದೆ. ಒಂದು ಮಿಷನ್ನಿನ ಪಾರ್ಟು ಇನ್ನೊಂದಕ್ಕೆ ಹಾಕಿದರು. ಬೆಸುಗೆ ಇದ್ದಲ್ಲೆಲ್ಲ ಮತ್ತೆ ಬೆಸೆದರು. ನಾಲ್ಕೂ ಮಿಷನ್ನಿನಲ್ಲಿ ಒಂದೇ ತಪ್ಪು ಬರುತ್ತಿದೆ ಅಂದರೆ ನಾಲ್ಕಕ್ಕೂ ಕೂಡಿಯೇ ಬರುವ ಕರೆಂಟಿನಲ್ಲಿ ದೋಷವಿರಬೇಕು ಎಂದು ಲೆಕ್ಕ ಹಾಕಿದರು. ಅಂಗಡಿಯ ವೈರಿಂಗು, ಅರ್ಥಿಂಗು ಎಲ್ಲ ಅವರೇ ಹಿಂದೆ ಮಾಡಿದ್ದು. ಅಂದಮೇಲೆ ತಪ್ಪು ತಮ್ಮದೇ. ಕರೆಂಟನ್ನು ನೆಲಕ್ಕಿಳಿಸುವ ಹೊಸ ಅರ್ಥಿಂಗಿಗೆಂದು ಹಿತ್ತಲಿನ ಗಟ್ಟಿ ನೆಲದಲ್ಲಿ, ಆ ಬಿಸಿಲಲ್ಲಿ, ಎದೆಯುದ್ದ ಗುಂಡಿ ತೋಡಿದರು. ಹೊಸ ತಾಮ್ರದ ತಗಡು ಇಳಿಸಿ, ಇದ್ದಿಲು ಒಂದು ವರಸೆ, ಉಪ್ಪು ಒಂದು ವರಸೆ ತುಂಬಿದರು. ದಿನಾ ಕೊಡಗಟ್ಟಲೆ ನೀರು ಸುರಿದರು. ಮೈತುಂಬ ಇದ್ದಿಲ ಪುಡಿ ಮೆತ್ತಿಕೊಂಡು ಬಂದು ಮಿಷನ್ ಮುಂದೆ ಕೂತು ಎಂಟು ಬೋಗಿ ಎತ್ತುವರು. ಒಂಬತ್ತನೆಯದಕ್ಕೆ ಕೈ ಪಾರು. ಎದ್ದು ಹೋಗಿ ಗುಂಡಿಗೆ ಇನ್ನೆರಡು ಕೊಡ ನೀರು ಹಾಕುವರು.

ಭಾನುವಾರ ಹರಪನಹಳ್ಳಿ, ಅದರ ಹತ್ತಿರದ ಅರಸೀಕೆರೆ, ಹಡಗಲಿಯ ಕಡೆಯಿಂದಲೂ ಹುಡುಗರು ಬಂದರು. ಕೆಲವರ ಜೊತೆ ಅವರ ಅಪ್ಪಂದಿರು. ಅಂಗಡಿ ತುಂಬಿ ರಸ್ತೆಯ ತನಕ ಜನ. ಮೊದಲನೆಯವನು ಎಂಟು ಬೋಗಿ ಉಳಿಸಿದ, ಮಿಷನ್ ನಿಂತಿತು. ಎರಡನೆಯವನದೂ ಅಷ್ಟೇ. ಐದನೆಯವನ ಹೊತ್ತಿಗೆ ಶಿಳ್ಳೆ ಶುರುವಾಯಿತು. ಹರಪನಹಳ್ಳಿಯಿಂದ ಬಂದಿದ್ದ ಒಬ್ಬರು, "ಬ್ಯಾಟು ಕೊಡಬಾರದು ಅಂತ ಹಿಂಗೆ ಮಾಡಿಟ್ಟಿದೀಯೇನಪ್ಪಾ?" ಎಂದರು. ನೂರು ಜನರೆದುರು ಕಳ್ಳನಾದೆ. ಕಳ್ಳನಾದವನಿಗೆ ಇನ್ನೊಬ್ಬ ಕಳ್ಳ ಬೇಕಾಗಿದ್ದ. ಚಾಚಾ ನಾಲ್ಕನೇ ಮಿಷನ್ನಿನ ಮುಚ್ಚಳ ಬಿಚ್ಚುತ್ತಿದ್ದರು. ನಾನು ಸ್ಕ್ರೂಡ್ರೈವರ್ ಕಿತ್ತುಕೊಂಡೆ.

"ನಿಮ್ಮ ಕೈ ಹೋಗೈತಿ ಚಾಚಾ. ವಯಸ್ಸಾತು. ಇನ್ನ ಯಾವುದನ್ನೂ ಮುಟ್ಟಬ್ಯಾಡ್ರಿ."

ಚಾಚಾ ನನ್ನ ಮುಖ ನೋಡಿ, ಆಮೇಲೆ ತಮ್ಮ ಕೈ ನೋಡಿಕೊಂಡರು. ಬೆಂಚಿಗೆ ಹೋಗಿ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನಿನ ಪ್ಲಗ್ಗು ತೆಗೆದರು. ಕಾದ ಐರನ್ನನ್ನು ಚೀಲಕ್ಕೆ ಹಾಕುವಂತಿಲ್ಲವಲ್ಲ. ಅದು ಆರುವ ತನಕ ಅವರು ಅಲ್ಲೇ ಕೂತಿರಬೇಕಾಯಿತು, ಅಷ್ಟೂ ಜನರ ಕಣ್ಣೆದುರು. ಹತ್ತು ಹದಿನೈದು ನಿಮಿಷ ಆಗಿರಬಹುದು. ನಡುನಡುವೆ ಬೆರಳ ಹಿಂಬದಿಯಿಂದ ಅದನ್ನು ಮುಟ್ಟಿ ನೋಡುತ್ತಿದ್ದರು. ಆ ಹದಿನೈದು ನಿಮಿಷದಲ್ಲಿ ನಾನು ಎದ್ದು ಹೋಗಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಐರನ್ ಆರಿತು. ವೈರು ಸುತ್ತಿ ಚೀಲಕ್ಕಿಟ್ಟುಕೊಂಡು ಹೊರಟುಹೋದರು. ಗೋಡೆಯ ಮೇಲೆ ಪಾಟಿಗಳು ಹಾಗೇ ಉಳಿದವು.

ಎರಡು ತಿಂಗಳ ಮೇಲೆ ಹುಬ್ಬಳ್ಳಿಯ ಆ ಅಂಗಡಿಗೆ ಮತ್ತೆ ಹೋಗಿದ್ದೆ. ಕೌಂಟರಿನವನು ನನ್ನ ಚೀಲದಲ್ಲಿದ್ದ ಸಿಡ್ಲಣ್ಣನ ಡಬ್ಬ ನೋಡಿ ನಕ್ಕ.

"ಇದನ್ನ ಇನ್ನೂ ಇಟ್ಕೊಂಡೀರೇನ್ರಿ? ಎಲ್ಲಾರೂ ವಾಪಸ್ ತಂದ್ರು. ಒಂಬತ್ತನೇ ಬೋಗಿ ಯಾರಿಗೂ ಬರಂಗಿಲ್ಲ. ಪಿಕ್ಚರ್ ರಿಲೀಸಿನ ದಿನಾನ ಅಂಗಡಿಗೆ ಬರಬೇಕಂತ ಗಡಿಬಿಡಿ ಮಾಡಿ ಬಿಟ್ಟಾರ. ಆ ಬೋಗಿ ಮಾಡಿ ಮುಗಿಸೇ ಇಲ್ಲ."

ಮಾಡಿ ಮುಗಿಸೇ ಇಲ್ಲ. ಅವನು ಚಹಾ ತರಿಸಲೇ ಎಂದು ಕೇಳಿದ. ನನಗೆ ಅವನ ಕೌಂಟರಿನ ಗಾಜು ಒಡೆಯಬೇಕೆನ್ನಿಸಿತು. ಯಾರೋ ಒಬ್ಬನಿಗೆ ತಾರೀಕು ತಪ್ಪಬಾರದಿತ್ತು. ಅದಕ್ಕೆ ನಮ್ಮ ಹಿತ್ತಲಲ್ಲಿ ಒಬ್ಬ ಮುದುಕ ಎದೆಯುದ್ದ ಗುಂಡಿ ತೋಡಿದ, ತನ್ನ ಕೈ ಸತ್ತುಹೋಯಿತೆಂದು ನಂಬಿ ಎದ್ದು ಹೋದ. ಬಸ್ಸಿನಲ್ಲಿ ಹಗರಿಬೊಮ್ಮನಹಳ್ಳಿ ಬರುವ ತನಕ ಆ ಕಂಪನಿಯವರನ್ನು ಶಪಿಸುತ್ತಲೇ ಇದ್ದೆ. ಅಲ್ಲಿ ಇಳಿದು ಕೊಟ್ಟೂರಿನ ಬಸ್ಸಿಗೆ ಕಾಯುವಾಗ, ಇವತ್ತೇ ಚಾಚಾನ ಮನೆಗೆ ಹೋಗಿ ಹೇಳಬೇಕು ಎಂದುಕೊಂಡೆ. ಊರಿಗೆ ಬಂದು ಇಳಿದ ಮೇಲೆ, ನಾಳೆ ಹೇಳಿದರಾಯಿತು ಎಂದುಕೊಂಡೆ.

ಆ ನಾಳೆ ಬರಲು ಆರು ವರ್ಷ ಹಿಡಿಯಿತು. ಯಾಕೆ ಎಂದು ಕೇಳಬೇಡಿ. ನೂರು ಜನರೆದುರು ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲು ನಾಚಿಕೆ. ಮೊದಲ ತಿಂಗಳು ಹೇಳದ್ದನ್ನು ಎರಡನೇ ತಿಂಗಳು ಹೇಳಲು ಇನ್ನಷ್ಟು ನಾಚಿಕೆ. ಅದೇನು ನಾಚಿಕೆಯೋ, ಹೇಡಿತನವೋ. ಚಾಚಾ ತಮ್ಮನ ಮಂಡಕ್ಕಿ ಭಟ್ಟಿಯಲ್ಲಿ ಅಳೆದು ಕೊಡಲು ಕೂತಿದ್ದರು. ಅದರ ಮುಂದೆ ಹಾಯುವುದು ಬೇಡವೆಂದು ನಾನು ಸುತ್ತಿ ಹೋಗುತ್ತಿದ್ದೆ. ಗೇಮಿನ ಅಂಗಡಿ ತೆಗೆದು ಝೆರಾಕ್ಸ್ ಮಿಷನ್ ಇಟ್ಟೆ.

ಅಲ್ಲಿಗೆ ಒಂದು ದಿನ ಅವರ ಮಗಳು ರೇಷ್ಮಾ ಅಂಕಪಟ್ಟಿ ಝೆರಾಕ್ಸ್ ಮಾಡಿಸಲು ಬಂದಳು. ನಿಮ್ಮ ಅಬ್ಬಾ ಹೇಗಿದ್ದಾರೆ ಎಂದೆ, ಕೇಳಬೇಕಲ್ಲ ಎಂದು.

"ಅದಾರ್ರಿ ಅಣ್ಣಾರ. ಮನ್ಯಾಗ ಫ್ಯೂಸ್ ಹೋದ್ರೂ ಮುಟ್ಟಂಗಿಲ್ಲ, ಲೈನ್‌ಮನ್ ಕರಿ ಅಂತಾರ. ಯಾಕ ಅಬ್ಬಾ ಅಂದ್ರ, ನನ್ನ ಕೈ ಹೋಗೈತಿ ಬೇಟಿ ಅಂತಾರ."

ನಾನಾಡಿದ ಮಾತು, ಅಕ್ಷರ ಬದಲಾಗದೆ, ಆರು ವರ್ಷ ಆ ಮನೆಯಲ್ಲಿ ಬದುಕಿತ್ತು. ಮರುದಿನ ಬೆಳಿಗ್ಗೆ ಆರು ಪಾಟಿಗಳನ್ನು ಚೀಲಕ್ಕೆ ಹಾಕಿಕೊಂಡು ಭಟ್ಟಿಗೆ ಹೋದೆ. ಎಲ್ಲ ಹೇಳಿದೆ. ಚಾಚಾ ಯಾರಿಗೋ ಮಂಡಕ್ಕಿ ಅಳೆಯುತ್ತಿದ್ದರು. ಅಳೆದು, ಕಟ್ಟಿ, ಕೊಟ್ಟು, ಆಮೇಲೆ ಕೇಳಿದರು:

"ಅರ್ಥಿಂಗ್ ಸರಿ ಇತ್ತಾ ಹಂಗಾರ?"

"ಸರಿ ಇತ್ತು ಚಾಚಾ. ಎಲ್ಲಾ ಸರಿ ಇತ್ತು."

"ಅದನ್ನ ಮಾಡಿದೋರು ಒಮ್ಮೆರ ಹಚ್ಚಿಟ್ಟು ನೋಡಲಿಲ್ಲೇನು?"

ನಾನು ಪಾಟಿಗಳ ಚೀಲ ಅವರ ಮುಂದಿಟ್ಟೆ.

"ನಿನಗ ಎಂದು ತಿಳೀತು?"

"ಆರು ವರ್ಷ ಆತು."

ಬೈಯಲಿ ಎಂದು ಕಾದೆ, ಹೊಡೆಯಲಿ ಎಂದು ಕಾದೆ.

"ಆರು ವರ್ಷ ಯಾವ ಮಾಲು ಟೆಸ್ಟಿಗಿ ಇಟ್ಟಿದ್ದಿ ತಮ್ಮಾ?" ಎಂದರು.

ಅಷ್ಟೇ. ಆಮೇಲೆ ಕೈ ಚಾಚಿ, ಬೆರಳ ಹಿಂಬದಿಯಿಂದ ನನ್ನ ಭುಜ ಮುಟ್ಟಿ ನೋಡಿದರು. ಪಾಟಿಗಳ ಚೀಲ ಎಳೆದು ತಮ್ಮ ಕಾಲ ಬುಡದಲ್ಲಿಟ್ಟುಕೊಂಡರು.

ಮರುವಾರ ಅವರ ಮನೆಯ ಪಡಸಾಲೆಯಲ್ಲಿ ಮೊಳೆ ಹೊಡೆದ ಸದ್ದು ಕೇಳಿತಂತೆ. ಮೊದಲು ಮನೆಯ ಮಿಕ್ಸಿ, ಆಮೇಲೆ ಓಣಿಯವರ ಇಸ್ತ್ರಿ ಪೆಟ್ಟಿಗೆ, ಹೊಸಹಳ್ಳಿಯಿಂದ ಬಂದ ಒಂದು ರೇಡಿಯೋ. ನಾಲ್ಕು ತಿಂಗಳು. ಆರು ವರ್ಷ ನುಂಗಿದ್ದಕ್ಕೆ ಅವರಿಗೆ ವಾಪಸು ಸಿಕ್ಕಿದ್ದು ನಾಲ್ಕು ತಿಂಗಳು. ಇದನ್ನು ಯಾರಾದರೂ ನ್ಯಾಯ ಎನ್ನುವುದಾದರೆ ಅವರು ನನ್ನೆದುರಿಗೆ ಬಂದು ಹೇಳಲಿ.

ಅವರು ಮುಟ್ಟಿದ ಕೊನೆಯ ಮಾಲು ನನ್ನದೇ. ಅಪ್ಪನ ಕಾಲದ ಟೇಬಲ್ ಫ್ಯಾನು. ಕೊಟ್ಟು ಬಂದವನು ಎರಡು ಸಲ ಕೇಳಲು ಹೋಗಿದ್ದೆ. ಎರಡನೇ ಸಲ, "ತಿರಗಾಕತ್ತೈತಿ. ಟೆಸ್ಟಿನ್ಯಾಗ ಐತಿ, ಅವಸರ ಮಾಡಬ್ಯಾಡ," ಎಂದರು. ಅದು ಬುಧವಾರ ಸಂಜೆ. ಗುರುವಾರ ಬೆಳಿಗ್ಗೆ ಚಹಾ ಕುಡಿದು ಗೋಡೆಗೆ ಒರಗಿದವರು ಹಾಗೇ ಹೋದರು.

ಅವತ್ತು ಪಡಸಾಲೆಯಲ್ಲಿ ಜನ ಅವರ ಕೈ ಹೊಗಳುತ್ತಾ ಬೆವರುತ್ತಾ ಕೂತಿದ್ದರಲ್ಲ, ಆಗ ಆ ಫ್ಯಾನು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ತಿರುಗುತ್ತಲೇ ಇತ್ತು. ಮೇಲೆ ಮೊಳೆಗೆ ಪಾಟಿ, ಪಾಟಿಯ ಮೇಲೆ ಗೀಟುಗಳು. ಮೊದಲಿನ ಹನ್ನೊಂದು ಒತ್ತಿ ಎಳೆದವು, ಚಾಚಾನವು. ಆಮೇಲಿನವು ತೆಳ್ಳಗಿದ್ದವು. ಒಳಗಿಂದ ರೇಷ್ಮಾ ಬಂದಳು, ಅತ್ತು ಮುಖ ಬಾತಿತ್ತು. ಗೋಡೆಯ ಗಡಿಯಾರ ನೋಡಿ, ಬಳಪ ತೆಗೆದುಕೊಂಡು, ಇನ್ನೊಂದು ಗೀಟು ಎಳೆದು ಒಳಗೆ ಹೋದಳು. ಹದಿನಾರು.

ನನ್ನ ಪಕ್ಕದಲ್ಲಿದ್ದವರು, ಇಡೀ ಹೊತ್ತು ಎಲ್ಲರಿಗಿಂತ ಜೋರಾಗಿ ಹೊಗಳುತ್ತಿದ್ದವರು, ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು ಎದ್ದರು.

"ಇಷ್ಟು ಮಂದಿ ಸುಡಾಕತ್ತೇವಿ, ಇದು ಗೋಡಿಗಿ ಗಾಳಿ ಹಾಕ್ಕೋತ ನಿಂತೈತಲ್ಲ," ಎಂದು ಫ್ಯಾನಿನ ಕಡೆ ಕೈ ಚಾಚಿದರು.

ನಾನು ಅವರ ಮಣಿಕಟ್ಟು ಹಿಡಿದುಬಿಟ್ಟೆ. ಎಷ್ಟು ಬಿಗಿಯಾಗಿ ಹಿಡಿದಿದ್ದೆನೋ, ಅವರು ಮುಖ ಕಿವುಚಿದರು. ಎಲ್ಲರೂ ತಿರುಗಿ ನೋಡಿದರು.

"ಮುಟ್ಟಬ್ಯಾಡ್ರಿ," ಎಂದೆ. "ಟೆಸ್ಟ್ ಮುಗಿದಿಲ್ಲ."